ರಕ್ತಪಿಶಾಚಿ ಮಂಗಾ: ಯಾವುದರಿಂದ ಶುರು ಮಾಡಬೇಕು, ಹೇಗೆ ಓದಿದರೆ ಭಯ ಹತ್ತುತ್ತದೆ

ಮಂಗಾ ಅಂದರೆ ಜಪಾನಿನ ಚಿತ್ರಕಥೆ. ರಕ್ತಪಿಶಾಚಿ ಮಂಗಾ ಓದಿ "ಭಯವೇ ಆಗಲಿಲ್ಲವಲ್ಲ" ಅನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಮೂರು ಕಾರಣ ಇರುತ್ತವೆ. ತಮ್ಮ ರುಚಿಗೆ ಒಗ್ಗದ ಪುಸ್ತಕದಿಂದ ಶುರು ಮಾಡಿರುತ್ತಾರೆ. ಇಲ್ಲವೇ ಫೋನಿನಲ್ಲಿ ಮೇಲಿಂದ ಕೆಳಕ್ಕೆ ಉಜ್ಜುತ್ತಾ ಓದಿರುತ್ತಾರೆ. ಅದೂ ಅಲ್ಲದಿದ್ದರೆ ಮಾತಿನ ಗುಳ್ಳೆಗಳನ್ನಷ್ಟೇ ಓದಿ, ಚಿತ್ರವನ್ನು ದಾಟಿಕೊಂಡು ಹೋಗಿರುತ್ತಾರೆ. ಸಿನಿಮಾಕ್ಕೆ ಹೆದರಿಸಲು ಸದ್ದಿದೆ, ಹಿನ್ನೆಲೆ ಸಂಗೀತವಿದೆ. ಮಂಗಾಕ್ಕೆ ಇರುವುದು ಕಪ್ಪು ಶಾಯಿ, ಬಿಳಿ ಕಾಗದ, ಮಗುಚಬೇಕಾದ ಪುಟ, ಇಷ್ಟೇ. ಈ ಮೂರನ್ನೂ ಕೆಡಿಸದೆ ಓದಿದರೆ ಈ ಕಥೆಗಳು ರಾತ್ರಿ ದೀಪ ಆರಿಸಲು ಹಿಂಜರಿಯುವಂತೆ ಮಾಡುತ್ತವೆ.

ಮೊದಲು ನಿಮಗೆ ಯಾವ ಬಗೆಯ ಭಯ ಬೇಕು ನೋಡಿಕೊಳ್ಳಿ

ಜಪಾನಿ ಭಾಷೆಯಲ್ಲಿ ರಕ್ತಪಿಶಾಚಿಗೆ "ಕ್ಯೂಕೆತ್ಸುಕಿ" ಅನ್ನುತ್ತಾರೆ. ಮೂರು ಅಕ್ಷರಗಳ ಪದ: ಹೀರು, ರಕ್ತ, ಓನಿ. ಓನಿ ಅಂದರೆ ನಮ್ಮ ರಾಕ್ಷಸನ ಹತ್ತಿರದ ನೆಂಟ. ಶಿಲುಬೆಗೆ ಹೆದರುವ, ಶವಪೆಟ್ಟಿಗೆಯಲ್ಲಿ ಮಲಗುವ ಪಿಶಾಚಿ ಅಲ್ಲಿಗೆ ಯುರೋಪಿನ ಕಥೆ, ಸಿನಿಮಾಗಳ ಮೂಲಕ ಬಂದದ್ದು. ಹಾಗಾಗಿ ಒಬ್ಬೊಬ್ಬ ಮಂಗಾಕಾರರೂ ಅದನ್ನು ತಮ್ಮ ತಮ್ಮ ಲೆಕ್ಕದಲ್ಲಿ ಬಗ್ಗಿಸಿಕೊಂಡಿದ್ದಾರೆ. "ವ್ಯಾಂಪೈರ್ ಮಂಗಾ" ಎಂಬ ಒಂದೇ ಚೀಟಿಯ ಕೆಳಗೆ ಯುದ್ಧದ ಕಥೆಯೂ ಸಿಗುತ್ತದೆ, ಹಳ್ಳಿಯ ಕಥೆಯೂ ಸಿಗುತ್ತದೆ, ಹದಿಹರೆಯದ ಒಂಟಿತನದ ಕಥೆಯೂ ಸಿಗುತ್ತದೆ. ಯಾವುದು ಜನಪ್ರಿಯ ಎಂದು ನೋಡಿ ಕೊಳ್ಳುವ ಬದಲು ನಿಮ್ಮನ್ನು ಯಾವುದು ಅಲುಗಾಡಿಸುತ್ತದೆ ಎಂಬುದನ್ನು ನೋಡಿ ಆರಿಸಿ.

ರಕ್ತಪಾತ, ಗುಂಡಿನ ಸುರಿಮಳೆ, ಹುಚ್ಚು ನಗು ಬೇಕಿದ್ದರೆ ಕೌತ ಹಿರಾನೊ ಅವರ "ಹೆಲ್ಸಿಂಗ್". 1997ರಿಂದ 2008ರವರೆಗೆ ಬಂದದ್ದು, 10 ಸಂಪುಟ. ಇಂಗ್ಲೆಂಡಿನಲ್ಲಿ ಪಿಶಾಚಿಗಳನ್ನು ಬೇಟೆಯಾಡುವ ಸಂಸ್ಥೆಯೊಂದು ಆ ಕೆಲಸಕ್ಕೆ ಒಬ್ಬ ಪಿಶಾಚಿಯನ್ನೇ ಇಟ್ಟುಕೊಂಡಿದೆ. ಅವನ ಹೆಸರು ಅಲುಕಾರ್ಡ್. ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿದರೆ ಅವನು ಯಾರೆಂದು ತಿಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಮೊದಲ ಸಂಪುಟದ ಗೆರೆಗಳು ಒರಟು, ಕಥೆಯೂ ಬಿಡಿಬಿಡಿ. ಅಷ್ಟಕ್ಕೇ ಕೈಬಿಡಬೇಡಿ. ಮೂರನೆಯ ಸಂಪುಟದ ಹೊತ್ತಿಗೆ ಹಿರಾನೊ ಕಪ್ಪನ್ನು ಬಳಸುವ ರೀತಿಯೇ ಬದಲಾಗುತ್ತದೆ: ಆಕೃತಿಯಿಡೀ ಶಾಯಿಯಲ್ಲಿ ಮುಳುಗಿ, ಕಣ್ಣು ಮತ್ತು ಹಲ್ಲು ಮಾತ್ರ ಬಿಳಿಯಾಗಿ ಉಳಿಯುತ್ತವೆ. ಅನಿಮೆ, ಅಂದರೆ ಜಪಾನಿನ ಅನಿಮೇಷನ್ ರೂಪ, ನೋಡುವ ಆಸೆಯಿದ್ದರೆ 2006ರಿಂದ 2012ರ ನಡುವೆ ಬಂದ 10 ಕಂತುಗಳ "ಹೆಲ್ಸಿಂಗ್ ಅಲ್ಟಿಮೇಟ್" ನೋಡಿ. 2001ರ 13 ಕಂತುಗಳ ಟಿವಿ ಸರಣಿ ಬಂದಾಗ ಮಂಗಾ ಇನ್ನೂ ಮುಗಿದಿರಲಿಲ್ಲ, ಆದ್ದರಿಂದ ಅದು ತನ್ನದೇ ಖಳನನ್ನು ಹುಟ್ಟಿಸಿಕೊಂಡು ಬೇರೆ ದಾರಿ ಹಿಡಿಯಿತು. ಅದನ್ನು ನೋಡಿ ಮಂಗಾದ ಮಧ್ಯದಿಂದ ಓದಲು ಕೂತರೆ ತಲೆಬುಡ ತಿಳಿಯುವುದಿಲ್ಲ.

ನಿಧಾನವಾಗಿ ಉಸಿರು ಕಟ್ಟಿಸುವ ಭಯ ಬೇಕಿದ್ದರೆ "ಶಿಕಿ". ಈ ಪ್ರಕಾರದಲ್ಲಿ ಒಂದೇ ಒಂದು ಕಥೆ ಆರಿಸಿಕೊಳ್ಳಿ ಎಂದರೆ ನಾವು ಕೊಡುವುದು ಇದನ್ನೇ. ಫುಯುಮಿ ಓನೊ 1998ರಲ್ಲಿ ಬರೆದ ಕಾದಂಬರಿ ಇದರ ಮೂಲ. ರ್ಯೂ ಫುಜಿಸಾಕಿ ಅದನ್ನು 11 ಸಂಪುಟಗಳ ಮಂಗಾ ಮಾಡಿದರು. 2010ರಲ್ಲಿ 22 ಕಂತುಗಳ ಅನಿಮೆಯೂ ಬಂತು. ಸೊತೊಬಾ ಎಂಬ ಹಳ್ಳಿ, 1,300 ಜನ, ಸುತ್ತ ಫರ್ ಮರಗಳ ಕಾಡು. ಬೇಸಿಗೆಯಲ್ಲಿ ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಓದುವ ಮೊದಲು ಒಂದು ವಿಷಯ ತಿಳಿದಿರಲಿ. ಜಪಾನಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ಶವಗಳನ್ನೂ ಸುಡುತ್ತಾರೆ, ಆದರೆ ಸೊತೊಬಾದಲ್ಲಿ ಇನ್ನೂ ಹೂಳುವ ಪದ್ಧತಿ. ಹಳ್ಳಿಯ ಹೆಸರೇ ಸಮಾಧಿಯ ಮೇಲೆ ನಿಲ್ಲಿಸುವ ಮರದ ಹಲಗೆಯದು. ಸುಟ್ಟ ಹೆಣ ಎದ್ದು ಬರಲಾರದು, ಹೂತದ್ದು ಬರಬಲ್ಲದು. ಇಡೀ ಕಥೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಇದನ್ನು ಗಮನಿಸದೆ ಓದಿದವರಿಗೆ "ಆ ಪಿಶಾಚಿಗಳು ಇದೇ ಹಳ್ಳಿಯನ್ನು ಯಾಕೆ ಹುಡುಕಿಕೊಂಡು ಬಂದವು" ಎಂಬ ಪ್ರಶ್ನೆ ಕೊನೆಯವರೆಗೂ ಕಾಡುತ್ತದೆ.

ಶಿಕಿಯಲ್ಲಿ ಇನ್ನೊಂದು ನಿಯಮವಿದೆ: ಒಳಗಿನವರು ಕರೆಯದೆ ಪಿಶಾಚಿ ಮನೆ ಹೊಕ್ಕಲಾರದು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ರಾತ್ರಿ ಗುರುತಿನವರ ದನಿಯಲ್ಲಿ ಕರೆಯುವ ದೆವ್ವ, ಬಾಗಿಲ ಮೇಲೆ ಬರೆದ "ನಾಳೆ ಬಾ", ತಿಳಿಯದೆ ಓಗೊಟ್ಟರೆ ಮುಗಿಯಿತು ಎಂಬ ಮಾತು. ಎರಡೂ ಕಡೆ ಭಯ ಇರುವುದು ಹೊಸ್ತಿಲಲ್ಲಿ, ಬಾಗಿಲು ತೆರೆಯುವ ನಮ್ಮ ಕೈಯಲ್ಲಿ. ಶಿಕಿ ಓದುವಾಗ ಯಾವ ಮನೆಯ ಬಾಗಿಲನ್ನು ಯಾರು ತೆರೆದರು ಎಂಬುದನ್ನು ನೆನಪಿಟ್ಟುಕೊಳ್ಳಿ. ಹೆಸರುಗಳು ಬಹಳ. ಒಂದು ಚೀಟಿಯಲ್ಲಿ ಮನೆವಾರು ಹೆಸರು ಬರೆದುಕೊಂಡು, ಸತ್ತವರ ಎದುರು ಗುರುತು ಹಾಕುತ್ತಾ ಹೋದರೆ ಕಥೆ ಕೈತಪ್ಪುವುದಿಲ್ಲ. ಗುರುತುಗಳು ಒಂದೇ ಓಣಿಯಲ್ಲಿ ಹಬ್ಬುವುದು ಕಂಡಾಗ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ. ಫುಜಿಸಾಕಿ ಬರೆಯುವ ಚೂಪು ಮೂತಿ, ವಿಚಿತ್ರ ಕೂದಲು ಮೊದಲಿಗೆ ಈ ಕಥೆಗೆ ಹೊಂದುವುದಿಲ್ಲ ಅನ್ನಿಸುತ್ತದೆ. ಎರಡು ಸಂಪುಟ ತಾಳಿ. ಅನಿಮೆ ನೋಡುವವರು 20.5 ಮತ್ತು 21.5 ಎಂಬ ಎರಡು ಹೆಚ್ಚುವರಿ ಕಂತುಗಳನ್ನು ಆಯಾ ಜಾಗದಲ್ಲೇ ನೋಡಿ, ಕೊನೆಗೆ ತಳ್ಳಬೇಡಿ.

ಮೈಯೊಳಗಿನ ಬದಲಾವಣೆಯೇ ಭಯವಾಗಬೇಕು ಅನ್ನುವವರಿಗೆ ಶೂಝೊ ಓಶಿಮಿ ಅವರ "ಹ್ಯಾಪಿನೆಸ್", 2015–2019, 10 ಸಂಪುಟ. ಹೈಸ್ಕೂಲು ಹುಡುಗನ ಮೇಲೆ ಒಂದು ರಾತ್ರಿ ಹುಡುಗಿಯೊಬ್ಬಳು ಎರಗಿ ಕಚ್ಚುತ್ತಾಳೆ, ಹೀಗೇ ಸಾಯುತ್ತೀಯಾ, ನನ್ನಂತೆ ಆಗುತ್ತೀಯಾ ಎಂದು ಕೇಳುತ್ತಾಳೆ. ಅಲ್ಲಿಂದ ಮುಂದೆ ಅವನ ಕಣ್ಣಿಗೆ ಬೆಳಕು ಬೇರೆಯೇ ಆಗುತ್ತದೆ. ಆಕಾಶ, ಬೀದಿದೀಪ, ಎದುರಿನವರ ಮುಖ ಎಲ್ಲವೂ ಸುರುಳಿ ಸುತ್ತುವ ಗೆರೆಗಳಾಗಿ ಕರಗುತ್ತವೆ. ಮಾತು ಬಹಳ ಕಡಿಮೆ. ಒಂದು ಸಂಪುಟ ಇಪ್ಪತ್ತು ನಿಮಿಷದಲ್ಲಿ ಮುಗಿಸಿಬಿಡಬಹುದು, ಹಾಗೆ ಮುಗಿಸಿದರೆ ಪುಸ್ತಕವೇ ಕೈಗೆ ಸಿಗುವುದಿಲ್ಲ. ಲೈಂಗಿಕ ಹಿಂಸೆಯ ಸನ್ನಿವೇಶಗಳಿವೆ, ಶಾಲಾ ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಮೋಟೊ ಹಾಗಿಯೊ 1972ರಲ್ಲಿ ಶುರು ಮಾಡಿದ "ಪೋ ನೊ ಇಚಿಝೊಕು", ಇಂಗ್ಲಿಷಿನಲ್ಲಿ "ದಿ ಪೋ ಕ್ಲ್ಯಾನ್", ರಕ್ತ ಚೆಲ್ಲುವ ಕಥೆಯಲ್ಲ. ಹದಿನಾಲ್ಕರಲ್ಲೇ ನಿಂತುಹೋದ ಎಡ್ಗರ್ ಎಂಬ ಹುಡುಗ ಶತಮಾನಗಳನ್ನು ದಾಟುತ್ತಾನೆ. ಸುತ್ತಲಿನವರು ಮುದುಕರಾಗುತ್ತಾರೆ, ಇವನಿಗೆ ಮೀಸೆ ಕೂಡ ಚಿಗುರುವುದಿಲ್ಲ. ಕಥೆಗಳು ಕಾಲಾನುಕ್ರಮದಲ್ಲಿಲ್ಲ, ಒಂದು ಶತಮಾನದಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಮೊದಲ ಓದಿನಲ್ಲಿ ಅವನ್ನು ಇಸವಿವಾರು ಜೋಡಿಸಲು ಹೋಗಬೇಡಿ. ಪುಸ್ತಕ ಕೊಟ್ಟ ಕ್ರಮದಲ್ಲೇ ಓದಿ. ಯಾವುದೋ ಊರಿನಲ್ಲಿ, ಬೇರೆ ಯಾರದೋ ನೆನಪಿನಲ್ಲಿ, ಅದೇ ಮುಖ ಮತ್ತೆ ಕಾಣಿಸುವ ಗಳಿಗೆಗಾಗಿಯೇ ಹಾಗಿಯೊ ಆ ಕ್ರಮ ಇಟ್ಟಿದ್ದಾರೆ. ಹಳೆಯ ಕಥೆಗಳು ಇಂಗ್ಲಿಷಿನಲ್ಲಿ ಎರಡು ದಪ್ಪ ಸಂಪುಟಗಳಾಗಿ ಬಂದಿವೆ.

"ವ್ಯಾಂಪೈರ್ ಹಂಟರ್ ಡಿ" ವಿಚಾರದಲ್ಲಿ ಮಂಗಾಕ್ಕಿಂತ ಕಾದಂಬರಿಯೇ ಮೇಲು. ಹಿದೆಯುಕಿ ಕಿಕುಚಿ 1983ರಲ್ಲಿ ಶುರು ಮಾಡಿದ ಸರಣಿ ಅದು, ಚಿತ್ರಗಳು ಯೋಶಿತಾಕಾ ಅಮಾನೊ ಅವರವು. ಸೈಕೊ ತಕಾಕಿ ಅವರ ಮಂಗಾ ರೂಪದಲ್ಲಿ ಒಂದು ಕಾದಂಬರಿಗೆ ಒಂದೇ ಸಂಪುಟದ ಜಾಗ, ಆದ್ದರಿಂದ ಕಥೆ ಓಡುತ್ತದೆ, ಹೆದರಲು ಪುರುಸೊತ್ತು ಸಿಗುವುದಿಲ್ಲ. ದ್ವೀಪವೊಂದರಲ್ಲಿ ಸಿಕ್ಕಿಬಿದ್ದವರ ಕಥೆ "ಹಿಗಾನ್‌ಜಿಮಾ" 33 ಸಂಪುಟ, ಅದರ ನಂತರವೂ ಮುಂದುವರಿದ ಭಾಗಗಳಿವೆ, ಶುರುವಿಗೆ ಬೇಡ.

ಹೆಸರು ನೋಡಿ ಮೋಸಹೋಗುವುದೂ ಉಂಟು. ಒಸಾಮು ತೆಝುಕಾ ಅವರ 1966ರ "ವ್ಯಾಂಪೈರ್ಸ್" ರಕ್ತ ಹೀರುವವರ ಕಥೆಯಲ್ಲ, ಪ್ರಾಣಿಗಳಾಗಿ ರೂಪ ಬದಲಿಸುವವರ ಕಥೆ. ಅವರದೇ "ಡಾನ್ ಡ್ರಾಕುಲಾ" ಪೂರಾ ಹಾಸ್ಯ. "ವ್ಯಾಂಪೈರ್ ನೈಟ್" 19 ಸಂಪುಟಗಳ ಪ್ರಣಯ ಕಥೆ. ಚೆನ್ನಾಗಿದೆ, ಆದರೆ ಹೆದರಲು ಹೋದವರಿಗೆ ಅಲ್ಲ.

ದುಡ್ಡು ಹಾಕುವ ಮೊದಲು ಬರೀ ರುಚಿ ನೋಡಬೇಕೆಂದರೆ ಜುಂಜಿ ಇತೊ ಅವರ "ಸ್ಮ್ಯಾಶ್ಡ್" ಸಂಕಲನದಲ್ಲಿರುವ "ಬ್ಲಡ್‌ಸಕಿಂಗ್ ಡಾರ್ಕ್‌ನೆಸ್" ಎಂಬ ಒಂದು ಕಥೆ ಓದಿ. ಊಟ ಬಿಟ್ಟು ಸೊರಗುತ್ತಿರುವ ಹುಡುಗಿ, ಬಾವಲಿಗಳು, ರಕ್ತ. ಒಂದೇ ಸಲ ಕೂತು ಮುಗಿಸಬಹುದು. ಊಟದ ವಿಚಾರದಲ್ಲಿ ಸ್ವತಃ ಕಷ್ಟಪಟ್ಟವರು ಇದನ್ನು ಬಿಟ್ಟು ಬೇರೆ ಆರಿಸಿಕೊಳ್ಳುವುದು ಒಳ್ಳೆಯದು.

ಕಣ್ಣು ಓಡಬೇಕಾದ ದಾರಿ

ಮಂಗಾ ಬಲದಿಂದ ಎಡಕ್ಕೆ. ಪುಸ್ತಕದ ಬೆನ್ನು ನಿಮ್ಮ ಬಲಗೈ ಕಡೆ ಬರುವಂತೆ ಹಿಡಿದರೆ ಎದುರಿಗೆ ಕಾಣುವುದೇ ಮುಖಪುಟ. ಪುಟದ ಮೇಲಿನ ಬಲ ಮೂಲೆಯಿಂದ ಶುರು, ಕೆಳಗಿನ ಎಡ ಮೂಲೆಯಲ್ಲಿ ಮುಕ್ತಾಯ. ಒಂದು ಚೌಕಟ್ಟಿನೊಳಗೂ ಅದೇ ಲೆಕ್ಕ: ಬಲಗಡೆಯ, ಮೇಲಿನ ಗುಳ್ಳೆ ಮೊದಲು.

ಗೊಂದಲವಾಗುವುದು ಬಲಗಡೆ ಒಂದು ಉದ್ದನೆಯ ಚೌಕಟ್ಟು, ಎಡಗಡೆ ಎರಡು ಮೂರು ಚಿಕ್ಕವು ಇದ್ದಾಗ. ಉದ್ದನೆಯದನ್ನು ಮುಗಿಸಿ, ಆಮೇಲೆ ಎಡಗಡೆಯವನ್ನು ಮೇಲಿಂದ ಕೆಳಕ್ಕೆ ಓದಿ. ಆಗಲೂ ಅನುಮಾನ ಬಂದರೆ ಚೌಕಟ್ಟುಗಳ ನಡುವಿನ ಬಿಳಿ ಸಂದು ನೋಡಿ. ಹೆಚ್ಚಿನ ಮಂಗಾಗಳಲ್ಲಿ ಅಡ್ಡ ಸಂದು ಅಗಲ, ಲಂಬ ಸಂದು ಸಪೂರ. ಸಪೂರ ಸಂದನ್ನು ದಾಟಿ ಸಾಲು ಮುಗಿಸಿ, ಅಗಲ ಸಂದು ಬಂದಾಗ ಕೆಳಗಿನ ಸಾಲಿಗೆ ಇಳಿಯಿರಿ. ಈ ಒಂದು ಗುಟ್ಟು ಗೊತ್ತಾದರೆ ಒಂದೆರಡು ಅಧ್ಯಾಯದಲ್ಲಿ ಕಣ್ಣು ತಾನೇ ಪಳಗುತ್ತದೆ.

ಮೊದಮೊದಲು ಬೆರಳಿಟ್ಟು ಓದಲು ನಾಚಬೇಡಿ. ಪತ್ತೆದಾರಿ ಕಥೆಯಲ್ಲಿ ಗುಳ್ಳೆ ಹಿಂದುಮುಂದಾದರೆ ಸ್ವಲ್ಪ ಗೊಂದಲ, ಅಷ್ಟೇ. ಭಯದ ಕಥೆಯಲ್ಲಿ ಉತ್ತರ ಮೊದಲು ಓದಿ ಪ್ರಶ್ನೆ ಆಮೇಲೆ ಓದಿದರೆ ಆ ಪುಟ ಸತ್ತಂತೆ.

ಇನ್ನು ಪುಟ ಮಗುಚುವ ವಿಚಾರ. ಎದುರುಬದುರಾದ ಎರಡು ಪುಟಗಳಲ್ಲಿ ಎಡಪುಟದ ಕೊನೆಯ ಚೌಕಟ್ಟನ್ನು ಒಮ್ಮೆ ನೋಡಿ. ಅಲ್ಲಿ ಪಾತ್ರ ಏನನ್ನೋ ನೋಡಿ ಬೆಚ್ಚಿರುತ್ತದೆ, ಬಾಗಿಲ ಹಿಡಿಯ ಮೇಲೆ ಕೈ ಇರುತ್ತದೆ, ಇಲ್ಲವೇ ಹಿಂದಿನಿಂದ ಯಾರೋ ಕರೆದಿರುತ್ತಾರೆ. ನೋಡಿದ್ದು ಏನು ಎಂಬುದು ಮಗುಚಿದ ಮೇಲೆ, ಮುಂದಿನ ಬಲಪುಟದಲ್ಲಿ. ಜಪಾನಿನ ಮಂಗಾಕಾರರು ಎಳೆಯುವ ಆ ಕೊನೆಯ ಚೌಕಟ್ಟಿಗೆ "ಹಿಕಿ" ಅನ್ನುತ್ತಾರೆ, ಮಗುಚುವುದಕ್ಕೆ "ಮೆಕುರಿ". ಕರಡು ಹಾಕುವಾಗಲೇ ಯಾವ ಚಿತ್ರ ಯಾವ ಬದಿಗೆ ಬೀಳಬೇಕು ಎಂದು ಎಣಿಸಿರುತ್ತಾರೆ. ಹಾಗಾಗಿ ಎಡಪುಟದ ಕೊನೆಗೆ ಬಂದಾಗ ಒಂದು ಉಸಿರು ನಿಲ್ಲಿ. ಹೆಬ್ಬೆರಳಿನಿಂದ ಮುಂದಿನ ಪುಟವನ್ನು ಮೊದಲೇ ಅರ್ಧ ಎತ್ತಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಬಿಡಿ. ಬಲಪುಟದ ದೊಡ್ಡ ಕಪ್ಪು ಚಿತ್ರ ಅಂಚಿನಿಂದ ಇಣುಕಿ ಬಿಡುತ್ತದೆ.

ಮಗುಚಿದ ಮೇಲೆ ಗುಳ್ಳೆ ಓದುವ ಮೊದಲು ಪುಟವನ್ನು ಇಡಿಯಾಗಿ ಎರಡು ಸೆಕೆಂಡು ನೋಡಿ. ಎಲ್ಲಿ ಅಚ್ಚ ಕಪ್ಪಿದೆ? ಅಚ್ಚ ಕಪ್ಪನ್ನು "ಬೆತಾ" ಅನ್ನುತ್ತಾರೆ, ಗೆರೆಯಿಲ್ಲದೆ ಪೂರ್ತಿ ತುಂಬಿದ ಶಾಯಿ. ಗೆರೆಗಳನ್ನು ಅಡ್ಡಡ್ಡ ಹೆಣೆದು ಮಾಡಿದ ಮಬ್ಬಿಗೆ "ಕಾಕೆಆಮಿ". ಚುಕ್ಕಿಗಳ ಬೂದು ಬಣ್ಣ "ಟೋನ್", ಅದು ಅಂಟುಹಾಳೆಯಿಂದ ಬಂದದ್ದು, ಈಗ ಹೆಚ್ಚಾಗಿ ಕಂಪ್ಯೂಟರಿನಲ್ಲಿ. ಒಳ್ಳೆಯ ಕಲಾವಿದರು ಈ ಮೂರಕ್ಕೂ ಬೇರೆ ಬೇರೆ ಕೆಲಸ ಹಚ್ಚುತ್ತಾರೆ. ಟೋನ್ ಸಂಜೆಯಾದರೆ, ಕಾಕೆಆಮಿ ಅಂಜಿಕೆ, ಬೆತಾ ಪಿಶಾಚಿ. ಒಂದು ಅಧ್ಯಾಯದಲ್ಲಿ ಪುಟದಿಂದ ಪುಟಕ್ಕೆ ಬೆತಾ ಹೇಗೆ ಹರಡುತ್ತಾ ಬರುತ್ತದೆ ಎಂಬುದನ್ನಷ್ಟೇ ಗಮನಿಸಿದರೂ, ಯಾವಾಗ ಕಚ್ಚುತ್ತದೆ ಎಂದು ಮೈ ಮೊದಲೇ ಹೇಳುತ್ತದೆ.

ಸದ್ದನ್ನೂ ಓದಿ

ಇಂಗ್ಲಿಷ್ ಆವೃತ್ತಿಗಳಲ್ಲಿ ಸದ್ದಿನ ಪದಗಳನ್ನು ಕೆಲವೊಮ್ಮೆ ಅನುವಾದಿಸಿ ಹಾಕಿರುತ್ತಾರೆ, ಕೆಲವೊಮ್ಮೆ ಜಪಾನಿ ಅಕ್ಷರಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಸಣ್ಣದಾಗಿ ಅರ್ಥ ಕೊಡುತ್ತಾರೆ. ಅವನ್ನು ಅಲಂಕಾರವೆಂದು ದಾಟಬೇಡಿ. ಕನ್ನಡದ ಓದುಗರಿಗೆ ಇದು ಸುಲಭವಾಗಿ ಒಲಿಯಬೇಕು, ಯಾಕೆಂದರೆ ಡವಡವ, ತೊಟತೊಟ, ಕಿರ್ರನೆ, ಝಲ್ಲನೆ ಇಲ್ಲದೆ ನಮಗೂ ಕಥೆ ಹೇಳಲು ಬರುವುದಿಲ್ಲ.

"ದೊಕುನ್" ಎಂದರೆ ಎದೆ ಒಮ್ಮೆ ಧಡಕ್ಕೆಂದದ್ದು; ರಕ್ತಪಿಶಾಚಿ ಕಥೆಯಲ್ಲಿ ಇದು ಕಚ್ಚುವವನ ಎದೆಯದೋ ಕಚ್ಚಿಸಿಕೊಂಡವರದೋ ಎಂದು ಕೇಳಿಕೊಳ್ಳಿ, ಬಹಳ ಸಲ ಅಲ್ಲೇ ಕಥೆ ಇರುತ್ತದೆ. "ಪೊತಾ ಪೊತಾ" ತೊಟ್ಟಿಕ್ಕುವ ಸದ್ದು. "ಗೀ" ಬಾಗಿಲು ಕಿರುಗುಟ್ಟಿದ್ದು. "ಝೊಕು" ಬೆನ್ನಲ್ಲಿ ಛಳುಕು. "ಗೊಗೊಗೊ" ಕಿವಿಗೆ ಕೇಳುವ ಸದ್ದಾಗಿರಬೇಕೆಂದಿಲ್ಲ, ಏನೋ ಕೆಟ್ಟದ್ದು ಹತ್ತಿರ ಬರುತ್ತಿದೆ ಎಂಬ ಗುಡುಗು.

ಇವೆಲ್ಲಕ್ಕಿಂತ ಮುಖ್ಯ "ಶೀನ್". ಅದು ಮೌನದ ಸದ್ದು. ಏನೂ ಕೇಳಿಸುತ್ತಿಲ್ಲ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಾರೆ. ಬೇರೆ ಭಾಷೆಯವರು ಇದನ್ನು ವಿಚಿತ್ರ ಅನ್ನುತ್ತಾರೆ. ನಾವು "ಗವ್ವೆನ್ನುವ ಕತ್ತಲು" ಎನ್ನುವವರು. ಕತ್ತಲಿಗೇ ಸದ್ದು ಕೊಟ್ಟಿರುವ ಭಾಷೆಯಲ್ಲಿ ಯೋಚಿಸುವವರಿಗೆ ಶೀನ್ ತಟ್ಟನೆ ಅರ್ಥವಾಗುತ್ತದೆ. ಆ ಚೌಕಟ್ಟಿಗೆ ಬಂದಾಗ ಗವ್ವೆನ್ನುವುದನ್ನು ಮನಸ್ಸಿನಲ್ಲೇ ಕೇಳಿಸಿಕೊಂಡು ಮುಂದೆ ಹೋಗಿ. ಅಕ್ಷರದ ಆಕಾರವೂ ಮಾತಾಡುತ್ತದೆ: ನಡುಗುವ ಸಪೂರ ಅಕ್ಷರ ದೂರದ ಸದ್ದು, ಚೌಕಟ್ಟು ದಾಟಿ ಚಾಚಿದ ದಪ್ಪ ಅಕ್ಷರ ಕಿವಿಯ ಬುಡದ್ದು.

ಫೋನು, ಟ್ಯಾಬ್ಲೆಟ್, ಇ-ರೀಡರ್

ಸಾಮಾನ್ಯ ಮಂಗಾ ಸಂಪುಟದ ಪುಟ ಸುಮಾರು 11.3 ಸೆಂ.ಮೀ. ಅಗಲ, 17.6 ಸೆಂ.ಮೀ. ಎತ್ತರ, ದೊಡ್ಡವರ ಪತ್ರಿಕೆಗಳಲ್ಲಿ ಬಂದ ಕಥೆಗಳ ಸಂಪುಟ ಇನ್ನೂ ಸ್ವಲ್ಪ ದೊಡ್ಡದು, 12.8 × 18.2. ಫೋನಿನ ಪರದೆಯ ಅಗಲ 7 ಸೆಂ.ಮೀ. ಆಸುಪಾಸು. ಅಂದರೆ ಚಿತ್ರ ಮೂರರಲ್ಲಿ ಎರಡು ಪಾಲಿಗೂ ಕಡಿಮೆಯಾಗಿ ಕುಗ್ಗುತ್ತದೆ, ಕಾಕೆಆಮಿಯ ಗೆರೆಗಳು ಒಂದಕ್ಕೊಂದು ಅಂಟಿ ಬೂದುಬಣ್ಣದ ಕಲೆಯಾಗುತ್ತವೆ. 10–11 ಇಂಚಿನ ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದರೆ ಎರಡು ಪುಟಗಳೂ ಮೂಲ ಗಾತ್ರದ ಹತ್ತಿರಕ್ಕೆ ಬರುತ್ತವೆ. ಅದು ಸಾಕು.

ಆ್ಯಪ್‌ನಲ್ಲಿ ಮೊದಲು ನೋಡಬೇಕಾದದ್ದು ದಿಕ್ಕು: ಬಲದಿಂದ ಎಡಕ್ಕೆ. ಎರಡನೆಯದು ಎರಡು ಪುಟ ಒಟ್ಟಿಗೆ ತೋರಿಸುವ ವ್ಯವಸ್ಥೆ. ಮೂರನೆಯದನ್ನು ಯಾರೂ ಹೇಳಿಕೊಡುವುದಿಲ್ಲ: ಮುಖಪುಟ ಒಂಟಿಯಾಗಿ ನಿಲ್ಲಬೇಕು. ಅದು ಮೊದಲ ಪುಟದ ಜೊತೆ ಜೋಡಿಯಾಗಿ ಕೂತರೆ ಮುಂದಿನ ಎಲ್ಲ ಜೋಡಿಗಳೂ ಒಂದೊಂದು ಪುಟ ಜಾರುತ್ತವೆ, ಎರಡು ಪುಟ ಹರಡಿದ ಚಿತ್ರ ನಡುವೆ ಸೀಳಿಹೋಗುತ್ತದೆ, ಹಿಕಿ ಬಲಕ್ಕೆ ಬಿದ್ದು ಅದರ ಉತ್ತರ ಪಕ್ಕದಲ್ಲೇ ಕಂಡುಬಿಡುತ್ತದೆ. ಹರಡು ಚಿತ್ರ ಸೀಳಿದ್ದು ಕಂಡ ಕೂಡಲೇ ಒಂದು ಪುಟ ಸರಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಫೋನು ಬಿಟ್ಟು ಬೇರೆ ದಾರಿಯಿಲ್ಲದಿದ್ದರೆ ಒಂದೊಂದು ಪುಟವಾಗಿ ಓದಿ; ಮೇಲಿಂದ ಕೆಳಕ್ಕೆ ಉಜ್ಜುವ ವ್ಯವಸ್ಥೆ ಮಾತ್ರ ಬೇಡ, ಅದರಲ್ಲಿ ಪುಟ ಮಗುಚಿದ ಮೇಲೆ ಒಮ್ಮೆಗೇ ಕಾಣಬೇಕಾದ ಪಿಶಾಚಿಯ ತಲೆ ಹಿಂದಿನ ಪುಟದ ಬುಡದಲ್ಲೇ ಇಣುಕುತ್ತದೆ.

ಬೂದು ಭಾಗದಲ್ಲಿ ಅಲೆಅಲೆಯಾದ ಪಟ್ಟೆ ಕಂಡರೆ ಗಾಬರಿ ಬೇಡ. ಟೋನ್ ಅಂದರೆ ಸಾಲಾಗಿ ಕೂತ ಚುಕ್ಕಿಗಳು, ಪರದೆಯೂ ಸಾಲಾಗಿ ಕೂತ ಚುಕ್ಕಿಗಳು. ಎರಡರ ಅಂತರ ಹೊಂದದಾಗ ಪಟ್ಟೆ ಏಳುತ್ತದೆ. ಸ್ವಲ್ಪ ಹಿಗ್ಗಿಸಿ ಅಥವಾ ಕುಗ್ಗಿಸಿ ನೋಡಿದರೆ ಹೋಗುತ್ತದೆ. ರಾತ್ರಿ ಓದುವಾಗ ಪರದೆಯ ಬೆಳಕು ತೀರಾ ಇಳಿಸಬೇಡಿ. ಕೆಲವು ಪರದೆಗಳಲ್ಲಿ ಗಾಢ ಬೂದು ಮತ್ತು ಕಪ್ಪು ಒಂದೇ ಆಗಿ, ಕತ್ತಲಲ್ಲಿ ಅಡಗಿಸಿಟ್ಟ ಮುಖವೇ ಮಾಯವಾಗುತ್ತದೆ. ಬಣ್ಣ ತಲೆಕೆಳಗು ಮಾಡುವ ಡಾರ್ಕ್ ಮೋಡ್ ಅಂತೂ ಬೇಡವೇ ಬೇಡ, ಪಿಶಾಚಿ ಬೆಳ್ಳಗಾಗಿಬಿಡುತ್ತದೆ.

ಇ-ಇಂಕ್ ಓದುಯಂತ್ರ ಕಣ್ಣಿಗೆ ಹಿತ, ಕಾಗದದ ಹತ್ತಿರ. ಆದರೆ ಹಿಂದಿನ ಪುಟದ ಕಪ್ಪು ಮುಂದಿನ ಪುಟದಲ್ಲಿ ನೆರಳಾಗಿ ಉಳಿಯುತ್ತದೆ. ಪ್ರತಿ ಪುಟಕ್ಕೂ ಪರದೆ ಪೂರ್ತಿ ತೊಳೆಯುವಂತೆ ಸೆಟ್ ಮಾಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿದರೂ ಪರವಾಗಿಲ್ಲ.

ಕದ್ದು ಸ್ಕ್ಯಾನ್ ಮಾಡಿ ಹಾಕಿದ ತಾಣಗಳಲ್ಲಿ ಚಿತ್ರವನ್ನು ಮತ್ತೆ ಮತ್ತೆ ಹಿಂಡಿ ಕುಗ್ಗಿಸಿರುತ್ತಾರೆ, ಅಚ್ಚ ಕಪ್ಪಿನ ಸುತ್ತ ಕೊಳೆಯಂಥ ಚುಕ್ಕಿಗಳು ಏಳುತ್ತವೆ, ಪುಟಗಳು ಕಾಣೆಯಾಗಿರುತ್ತವೆ. ಬರೆದವರಿಗೆ ಬಿಡಿಗಾಸು ಸಿಗುವುದಿಲ್ಲ ಎಂಬುದು ಇನ್ನೂ ದೊಡ್ಡ ಮಾತು. ಶೂಯೆಯ್ಶಾ ಪ್ರಕಾಶನದ "ಮಂಗಾ ಪ್ಲಸ್" ಆ್ಯಪ್‌ನಲ್ಲಿ ಸರಣಿಗಳ ಮೊದಲ ಅಧ್ಯಾಯಗಳನ್ನು ಉಚಿತವಾಗಿ ಓದಬಹುದು. ಬೇರೆ ಪ್ರಕಾಶಕರವಕ್ಕೆ ಕಿಂಡಲ್ ಅಂಗಡಿಯ ಮಾದರಿ ಪುಟಗಳಿವೆ. ಕೊಳ್ಳುವ ಮೊದಲು ಗೆರೆ ಹಿಡಿಸುತ್ತದೆಯೇ ನೋಡಲು ಅಷ್ಟು ಸಾಕು.

ಪುಸ್ತಕ ಕೊಳ್ಳುವಾಗ

ಕೈಯಲ್ಲಿ ಹಿಡಿದು ಓದುವ ಪುಸ್ತಕವೇ ಈ ಪ್ರಕಾರಕ್ಕೆ ಹೇಳಿ ಮಾಡಿಸಿದ್ದು. ಆದರೆ ನಕಲಿ ಮುದ್ರಣ ಈಗ ಎಲ್ಲೆಡೆ ಇದೆ, ಮಂಗಾದ್ದಂತೂ ಧಾರಾಳ. ನಕಲಿಯನ್ನು ಹಿಡಿಯಲು ಒಂದು ಅಚ್ಚ ಕಪ್ಪಿನ ಪುಟ ತೆರೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಸಲಿಯಲ್ಲಿ ಕಪ್ಪು ಒಂದೇ ಸಮನಾಗಿರುತ್ತದೆ. ನಕಲಿಯಲ್ಲಿ ಅದು ಸುಟ್ಟ ಬೂದಿಯ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ತೇಪೆ ತೇಪೆಯಾಗಿರುತ್ತದೆ. ಟೋನ್ ಇರುವ ಜಾಗದಲ್ಲಿ ಪರದೆಯಲ್ಲಿ ಕಂಡಂಥದೇ ಪಟ್ಟೆ ಕಾಗದದ ಮೇಲೂ ಇದ್ದರೆ ಅನುಮಾನವೇ ಬೇಡ, ಮುದ್ರಿತ ಪುಟವನ್ನು ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದ್ದಾರೆ. ಒಳ ಅಂಚಿನಲ್ಲಿ ಗುಳ್ಳೆಯ ಅಕ್ಷರಗಳು ಕತ್ತರಿಸಿಹೋಗಿರುವುದು, ಬೆನ್ನಿನ ಮೇಲೆ ಸಂಪುಟದ ಅಂಕೆ ನೇರವಾಗಿ ಕೂತಿಲ್ಲದಿರುವುದು ಇನ್ನೆರಡು ಗುರುತು. ಹತ್ತು ಸಂಪುಟಗಳ ಕಟ್ಟು ಅರ್ಧಕ್ಕಿಂತ ಕಡಿಮೆ ಬೆಲೆಗೆ ಬಂದರೆ ಕೊಳ್ಳುವ ಮುಂಚೆ ಒಳಪುಟದ ಫೋಟೊ ಕೇಳಿ.

ಇಡೀ ಸರಣಿಯನ್ನು ಒಮ್ಮೆಗೇ ಕೊಳ್ಳಬೇಡಿ. ಮೊದಲ ಎರಡು ಸಂಪುಟ ತನ್ನಿ. ಹೆಲ್ಸಿಂಗ್ ಆದರೆ ಮೂರು, ಮೇಲೆ ಹೇಳಿದ ಕಾರಣಕ್ಕೆ. ಹಿಂಬದಿಯ ರಕ್ಷಾಪುಟದಲ್ಲಿ ವಯಸ್ಸಿನ ಗುರುತು ಇರುತ್ತದೆ: ವಿಜ್ ಪ್ರಕಾಶನದಲ್ಲಿ "ಟಿ ಪ್ಲಸ್" ಎಂದರೆ ದೊಡ್ಡ ಹದಿಹರೆಯದವರಿಗೆ, "ಎಂ" ಎಂದರೆ ವಯಸ್ಕರಿಗೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ನೋಡಿಯೇ ಕಪಾಟಿನ ಮೇಲಿನ ಸಾಲೋ ಕೆಳಗಿನ ಸಾಲೋ ನಿರ್ಧರಿಸಿ. "ಚಿತ್ರಕಥೆ ತಾನೇ" ಎಂದು ಕೊಟ್ಟುಬಿಡುವುದು ಬಹಳ ಮನೆಗಳಲ್ಲಿ ಆಗುವ ತಪ್ಪು.

ಓದುವ ಹೊತ್ತು, ಓದುವ ವೇಗ

ಒಂದು ಸಂಪುಟ ಸುಮಾರು 200 ಪುಟ. ಸಾಹಸದ ಮಂಗಾ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಶಿಕಿಗೋ ಹ್ಯಾಪಿನೆಸ್‌ಗೋ ಒಂದೂವರೆ ಗಂಟೆ ಇಡಿ. ಒಮ್ಮೆ ಕೂತಾಗ ಒಂದೇ ಸಂಪುಟ. ಮೂರು ನಾಲ್ಕು ಒಟ್ಟಿಗೆ ನುಂಗಿದರೆ ರಕ್ತಕ್ಕೆ ಕಣ್ಣು ಒಗ್ಗಿಹೋಗುತ್ತದೆ, ಐದನೆಯ ಕೊಲೆ ಮೊದಲನೆಯದಷ್ಟು ನಾಟುವುದಿಲ್ಲ. ಮಂಗಾ ಓದಿ ಮುಗಿಯುವವರೆಗೆ ಅದರ ಅನಿಮೆ ಬೇಡ. ಒಮ್ಮೆ ಬಣ್ಣ ಮತ್ತು ದನಿ ತಲೆಯಲ್ಲಿ ಕೂತರೆ ಕಪ್ಪು ಬಿಳುಪಿನ ಪುಟ ಬರೀ ಕರಡಿನಂತೆ ಕಾಣತೊಡಗುತ್ತದೆ.

ಇದೇ ಜಾಡಿನ ಬೇರೆ ಕಥೆಗಳು

ಪಿಶಾಚಿ ಎಂಬ ಹೆಸರಿಲ್ಲದೆಯೂ ಅದೇ ರಕ್ತ ಹರಿಯುವ ಕಥೆಗಳಿವೆ. "ಡೀಮನ್ ಸ್ಲೇಯರ್" (2016–2020, 23 ಸಂಪುಟ) ರಾಕ್ಷಸರ ಕಥೆ ಅಂದುಕೊಂಡಿರುತ್ತೀರಿ. ಬಿಸಿಲಿಗೆ ಸುಟ್ಟುಹೋಗುತ್ತಾರೆ, ರಕ್ತ ಕೊಟ್ಟು ಮನುಷ್ಯರನ್ನು ತಮ್ಮಂತೆ ಮಾಡಿಕೊಳ್ಳುತ್ತಾರೆ, ಎಲ್ಲರ ಮೂಲ ಒಬ್ಬನೇ. ಕ್ಯೂಕೆತ್ಸುಕಿ ಪದದ ಆ ಮೂರನೆಯ ಅಕ್ಷರ ನೆನಪಿಸಿಕೊಳ್ಳಿ. ಹಿರೊಹಿಕೊ ಅರಾಕಿ ಅವರ "ಜೋಜೊ" ಸರಣಿಯ ಮೊದಲ ಭಾಗ "ಫ್ಯಾಂಟಮ್ ಬ್ಲಡ್" 1987ರದು: ಕಲ್ಲಿನ ಮುಖವಾಡ, ಡಿಯೊ ಎಂಬ ಮರೆಯಲಾಗದ ಖಳ, ಚಿಕ್ಕ ಕಥೆ. ಅಷ್ಟನ್ನೇ ಓದಿ ನಿಲ್ಲಿಸಿದರೂ ನಡೆಯುತ್ತದೆ. ಸುಯಿ ಇಶಿದಾ ಅವರ "ಟೋಕಿಯೊ ಗೂಲ್" 14 ಸಂಪುಟ, ಅದರ ಮುಂದಿನ ಭಾಗ "ರೀ" 16. ಇಲ್ಲಿ ರಕ್ತದ ಜಾಗದಲ್ಲಿ ಮಾಂಸ. ತನ್ನ ಹಸಿವಿಗೆ ತಾನೇ ಹೇಸುವ ಹುಡುಗನ ಪಾಡು ಹ್ಯಾಪಿನೆಸ್ ಇಷ್ಟಪಟ್ಟವರಿಗೆ ನೇರ ಎದೆಗೆ ತಾಗುತ್ತದೆ. ಮೊದಲ 14ನ್ನು ಮುಗಿಸದೆ "ರೀ" ತೆಗೆಯಬೇಡಿ. ಅಲ್ಲಿ ನಾಯಕನ ಹೆಸರೇ ಬದಲಾಗಿದೆ, ಯಾಕೆಂದು ತಿಳಿಯದೆ ಆ ಆಘಾತ ವ್ಯರ್ಥವಾಗುತ್ತದೆ.

ಕಪಾಟಿನಲ್ಲಿ

ಮಂಗಾದ ಕಾಗದ ಹಗುರ, ಬೇಗ ಹಳದಿಯಾಗುತ್ತದೆ. ಕಿಟಕಿಯ ಬಿಸಿಲು ನೇರ ಬೀಳುವ ಕಪಾಟು ಬೇಡ. ಮೊದಲು ಮಾಸುವುದು ಬೆನ್ನಿನ ಕೆಂಪು ಬಣ್ಣ, ರಕ್ತಪಿಶಾಚಿ ಪುಸ್ತಕಗಳ ಬೆನ್ನಲ್ಲಿ ಕೆಂಪೇ ಹೆಚ್ಚು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ತೇವ ಇನ್ನೂ ದೊಡ್ಡ ಶತ್ರು. ಪುಸ್ತಕಗಳನ್ನು ಗೋಡೆಗೆ ತಾಗಿಸದೆ ಎರಡು ಬೆರಳಷ್ಟು ಸಂದು ಬಿಟ್ಟು ನೇರ ನಿಲ್ಲಿಸಿ, ತೀರಾ ಬಿಗಿಯಾಗಿ ತುರುಕಬೇಡಿ. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಆಗಾಗ ಬದಲಿಸಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ; ನೇರ ಕಾಗದಕ್ಕೆ ತಾಗಿದರೆ ಆ ವಾಸನೆ ಪುಸ್ತಕ ಬಿಟ್ಟು ಹೋಗುವುದೇ ಇಲ್ಲ. ಅಚ್ಚ ಕಪ್ಪಿನ ಪುಟಗಳಿಗೆ ಬೆವರಿದ ಬೆರಳು ತಾಗಿದರೆ ಗುರುತು ಉಳಿಯುತ್ತದೆ, ಆದ್ದರಿಂದ ಪುಟವನ್ನು ಹೊರ ಅಂಚಿನ ಬಿಳಿಯಲ್ಲೇ ಹಿಡಿದು ಮಗುಚಿ.